ಮೂವತ್ಮೂರು ಕೋಟಿಯ ಮೇಷ್ಟ್ರು

ಬೆಳಿಗ್ಗೆ ಎದ್ದ ಕೂಡಲೇ ಸಂಪಿನ ತೊಟ್ಟಿಗೆ ನೀರು ಬಂದಿದೆಯೇ ಎಂದು ಬಗ್ಗಿ ನೋಡಿದೆ. ಬಂದಿತ್ತು, ಮೋಟಾರು ಹಾಕಿದೆ. ರಾತ್ರಿ ರುಬ್ಬಿಟ್ಟಿದ್ದ ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದಾಚೆ ಚೆಲ್ಲಿತ್ತು, ಕಟ್ಟೆ ಒರೆಸಿದೆ. ಯಜಮಾನರಿಗೆ ತಿಂಡಿ, ಮಗಳಿಗೆ ಡಬ್ಬಿ. ಹಾಲಿನ ಕಿಟಕಿ ಪರದೆಗಳನ್ನು ಇಳಿಸಿ ನೆನೆಹಾಕಿದೆ. ಇಸ್ತ್ರಿಯವನು ಒಂದು ದಿಂಬಿನ ಕವರು ಕಡಿಮೆ ತಂದಿದ್ದಾನೆಂದು ಅವನ ಜೊತೆ ಜಗಳವಾಡಿದೆ. ಕವರು ನಮ್ಮ ಮಂಚದ ಕೆಳಗೇ ಸಿಕ್ಕಿತು. ಅವನಿಗೆ ಕಾಫಿ ಕೊಟ್ಟು ಕಳುಹಿಸಿದೆ. ಬಚ್ಚಲ ಮೋರಿ ಕಟ್ಟಿಕೊಂಡಿತ್ತು. ಜಾಲರಿ ತೆಗೆದು ಕೈ ಹಾಕಿ, ಕೂದಲೂ ಸೋಪೂ ಸೇರಿ ಆಗಿದ್ದ ಲೋಳೆ ಉಂಡೆಯನ್ನು ಎಳೆದು ಹಾಕಿದೆ. ಅವರೆಕಾಯಿ ಸುಲಿದಿಟ್ಟೆ. ಆಮೇಲೆ ಸೀರೆ ಬದಲಿಸಿ, ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ವಿಜಯನಗರದಲ್ಲಿಳಿದು, ನಮ್ಮ ಹಳೆಯ ಮನೆ ಓನರ್ ಮೇಷ್ಟ್ರ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ವಾಪಸು ಬಂದು ತಲೆಗೆ ನೀರು ಹಾಕಿಕೊಂಡೆ.

ಇಷ್ಟು ಕೆಲಸದಲ್ಲಿ ಹೇಸಿಗೆ ಅನ್ನಿಸಿದ್ದು ಮೋರಿಗೆ ಕೈ ಹಾಕಿದ್ದಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಮೇಷ್ಟ್ರಲ್ಲಿ ಒಳ್ಳೆಯದಿತ್ತು, ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ. ಆದರೆ ಇವತ್ತು ಶಾಮಿಯಾನದ ಕೆಳಗೆ ಕುಳಿತು ಕೇಳಿದ ಹೊಗಳಿಕೆ ಇನ್ನೂ ಗಂಟಲಲ್ಲೇ ಇದೆ. ಹಳಸಿದ ಹಾಲು ಕುಡಿದ ಹಾಗಿದೆ.

ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಕೆಳಗೆ ಮೇಷ್ಟ್ರು ಮತ್ತು ಅವರ ಹೆಂಡತಿ. ಮಗ ಮದುವೆಯಾಗಿ ಬಸವೇಶ್ವರನಗರದಲ್ಲಿ ಬೇರೆ ಮನೆ ಮಾಡಿದ್ದ. ಮೇಷ್ಟ್ರು ಯಾವುದೋ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದರು. ಕಾರು ನಿಲ್ಲಿಸಲು ಕಟ್ಟಿಸಿದ ಶೆಡ್ಡಿಗೆ ಕಾರು ಯಾವತ್ತೂ ಬರಲಿಲ್ಲ. ಬೆಂಚು ಬಂದವು, ಕಪ್ಪು ಹಲಗೆ ಬಂತು, ಮಕ್ಕಳು ಬಂದರು. ಸಂಜೆ ಐದಾದರೆ ಗೇಟಿನ ಹೊರಗೆ ಸೈಕಲ್ಲುಗಳ ಸಾಲು.

ಆ ರಸ್ತೆಯ ಎಲ್ಲಾ ಮನೆಗಳಿಗೂ ಗ್ರಾನೈಟಿನ ಮೇಲೆ ಕೆತ್ತಿಸಿದ ಹೆಸರಿತ್ತು. ತಾಯಿಯ ಕೃಪೆ, ತಂದೆಯ ಆಶೀರ್ವಾದ, ಕುಲದೇವರು, ಹೀಗೆ. ಮೇಷ್ಟ್ರ ಗೇಟಿನ ಕಂಬದಲ್ಲಿ ಮಾತ್ರ ಒಂದು ಸಂಖ್ಯೆ. 333333331. ಎಂಟು ಮೂರು, ಕೊನೆಗೊಂದು ಒಂದು. ಅದರ ಕೆಳಗೆ ಚಿಕ್ಕದಾಗಿ, ಚಿನ್ನದ ಬಣ್ಣದಲ್ಲಿ, ‘ಅವಿಭಾಜ್ಯ’ ಎಂದು ಕೆತ್ತಿಸಿದ್ದರು. ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ್ದು.

ಆ ಕಲ್ಲಿನ ಮುಂದೆ ನಡೆದ ತಮಾಷೆಗಳಿಗೆ ಲೆಕ್ಕವಿಲ್ಲ. ಪಾರ್ಸೆಲ್ ತಂದ ರಾಯಚೂರಿನ ಹುಡುಗನೊಬ್ಬ ಒಮ್ಮೆ ಬಿಸಿಲಲ್ಲಿ ನಿಂತು ಬೆವರು ಒರೆಸುತ್ತಾ ನನ್ನನ್ನು ಕೂಗಿದ. “ಅಕ್ಕಾರ, ಈ ನಂಬರಿಗೆ ಎಷ್ಟ್ ಹೊಡದ್ರೂ ಫೋನ್ ಹೋಗವಲ್ದು ನೋಡ್ರಿ. ಕಲ್ಲಿನ್ಯಾಗ ಒಂದು ನಂಬರ್ ಬಿಟ್ಟೀರಿ.” ನಾನು ಮಹಡಿಯಿಂದಲೇ ನಕ್ಕು, ಅದು ಫೋನಲ್ಲಪ್ಪ, ಮನೆ ಹೆಸರು ಅಂದೆ. ಅವನು ಕಲ್ಲನ್ನೂ ನನ್ನನ್ನೂ ನೋಡಿ, “ಭಾಳ ದೊಡ್ಡ ಮನಿ ಐತ್ರಿ ಹಂಗಾದ್ರ” ಎಂದು ಗಾಡಿ ತಿರುಗಿಸಿದ.

ಇನ್ನು ಕೆಲವರು ಅದನ್ನು ಓದಿ ಕೈಮುಗಿಯುತ್ತಿದ್ದರು. ಮೂವತ್ಮೂರು ಕೋಟಿ ಎಂದು ಶುರುವಾಗುತ್ತದಲ್ಲ, ದೇವತೆಗಳ ಲೆಕ್ಕವೇ ಇರಬೇಕು ಅಂತ. ಮೇಷ್ಟ್ರ ಹೆಂಡತಿಯೂ ಪ್ರತಿ ಶುಕ್ರವಾರ ಒಂದೊಂದು ಮೂರಕ್ಕೂ ಕುಂಕುಮದ ಬೊಟ್ಟು ಇಟ್ಟು ಹೂವು ಸಿಕ್ಕಿಸುತ್ತಿದ್ದರು. “ಮೂವತ್ಮೂರು ಕೋಟಿ ದೇವರು ಸರಿ ಅಮ್ಮ, ಮೇಲಿನ ಮೂವತ್ಮೂರು ಲಕ್ಷ ಚಿಲ್ಲರೆ ಯಾರು?” ಎಂದು ನಾನು ಕೇಳಿದ್ದಕ್ಕೆ, “ಅವರಿಗೂ ಸಂಸಾರ ಇರಲ್ವೇನೇ?” ಅಂದಿದ್ದರು. ನಾವಿಬ್ಬರೂ ಗೇಟು ಹಿಡಿದುಕೊಂಡು ನಕ್ಕಿದ್ದೆವು. ಆ ಮನೆಯಲ್ಲಿ ನಗುವಿಗೆ ಕಡಿಮೆಯಿರಲಿಲ್ಲ, ಅದನ್ನು ಒಪ್ಪಬೇಕು.

ಈ ಸಂಖ್ಯೆ ಮೇಷ್ಟ್ರಿಗೆ ಹೇಗೆ ಒಲಿಯಿತು ಎಂಬುದನ್ನು ಅವರು ಪ್ರತಿ ವರ್ಷ ಆಯುಧಪೂಜೆಯ ದಿನ ಹೇಳುತ್ತಿದ್ದರು. ಆ ದಿನ ಶೆಡ್ಡಿನಲ್ಲಿ ಕಪ್ಪು ಹಲಗೆಗೆ, ಸೀಮೆಸುಣ್ಣದ ಡಬ್ಬಿಗೆ, ಮಕ್ಕಳ ಜಾಮಿಟ್ರಿ ಪೆಟ್ಟಿಗೆಗಳಿಗೆ ಅರಿಶಿನ ಕುಂಕುಮ. ಅಪ್ಪ ಅಮ್ಮಂದಿರನ್ನೂ ಕರೆಯುತ್ತಿದ್ದರು. ಮಕ್ಕಳೆಲ್ಲ ಗೇಟಿನ ಕಲ್ಲಿನ ಮುಂದೆ ಸಾಲಾಗಿ ನಿಂತು ‘ಏಣಿ’ ಹೇಳಬೇಕು. ಮೂವತ್ತೊಂದು, ಅವಿಭಾಜ್ಯ. ಮುನ್ನೂರ ಮೂವತ್ತೊಂದು, ಅವಿಭಾಜ್ಯ. ಮೂರು ಸಾವಿರದ ಮುನ್ನೂರ ಮೂವತ್ತೊಂದು, ಅವಿಭಾಜ್ಯ. ಹೀಗೆ ಮುಂದೆ ಒಂದೊಂದು ಮೂರು ಸೇರಿಸುತ್ತಾ ಹೋದರೆ ಪ್ರತಿಯೊಂದೂ ಅವಿಭಾಜ್ಯವೇ. ಮಕ್ಕಳ ದನಿ ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಗಿ, ಕೊನೆಯಲ್ಲಿ ಒಂದೇ ಉಸಿರಿಗೆ “ಮೂವತ್ಮೂರು ಕೋಟಿ ಮೂವತ್ಮೂರು ಲಕ್ಷ ಮೂವತ್ಮೂರು ಸಾವಿರದ ಮುನ್ನೂರ ಮೂವತ್ತೊಂದು, ಅವಿಭಾಜ್ಯ!” ಎಂದಾಗ ಬಂದವರು ಚಪ್ಪಾಳೆ ಹೊಡೆಯುತ್ತಿದ್ದರು. ನಾನೂ ಹೊಡೆದಿದ್ದೇನೆ, ಮೈ ಜುಮ್ಮೆನ್ನುತ್ತಿತ್ತು.

ಆಗ ಮೇಷ್ಟ್ರು ಕೈ ಎತ್ತಿ ಸವಾಲು ಹಾಕುತ್ತಿದ್ದರು. “ಇದನ್ನ ಯಾರಾದ್ರೂ ಭಾಗಿಸಿ ತೋರಿಸ್ರಿ ನೋಡೋಣ. ತೋರಿಸಿದವರ ಹೆಸರನ್ನ ನನ್ನ ಖರ್ಚಲ್ಲಿ ಇದೇ ಕಲ್ಲಿನ ಮೇಲೆ ಕೆತ್ತಿಸ್ತೀನಿ.” ಎಲ್ಲರೂ ನಗುತ್ತಿದ್ದರು. ಲಾಡು ಹಂಚುತ್ತಿದ್ದರು.

ಅವರ ಒಳ್ಳೆಯತನ ಹೇಳುತ್ತೇನೆ ಅಂದೆನಲ್ಲ. ನಾವು ಆ ಮನೆಗೆ ಬಂದ ಹೊಸದರಲ್ಲಿ ಒಂದು ಸಂಜೆ ಕರೆಂಟು ಹೋಗಿತ್ತು. ಆಗಿನ್ನೂ ಪ್ರೈಮರಿ ಓದುತ್ತಿದ್ದ ನಮ್ಮ ಮಗಳು ಮೆಟ್ಟಿಲ ಮೇಲೆ ಕತ್ತಲಿಗೆ ಹೆದರಿ ಕುಳಿತಿದ್ದಳು. ಮೇಷ್ಟ್ರು ಟಾರ್ಚು ಹಿಡಿದುಕೊಂಡು ಬಂದು ಪಕ್ಕದಲ್ಲೇ ಕುಳಿತರು. “ಏನೇ ಮಹಡಿ, ಒಂದು ಸಂಖ್ಯೆ ಹೇಳ್ತೀನಿ ಬರ್ಕೋ. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಎರಡರಿಂದ ಗುಣಿಸು.” ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದಳು. 142857 ಇದ್ದದ್ದು 285714 ಆಯಿತು. “ಅದೇ ಅಂಕಿಗಳು, ಸ್ಥಾನ ಮಾತ್ರ ತಿರುಗಿದೆ ನೋಡು. ಮೂರರಿಂದ ಗುಣಿಸಿದ್ರೂ ಹಂಗೇ.” ಅವಳು ನಂಬಲಿಲ್ಲ. “ನಂಬಬೇಡ. ನಾನು ಹೇಳ್ದೆ ಅಂತ ಯಾಕೆ ನಂಬ್ತೀಯ? ಗುಣಿಸಿ ನೋಡು” ಅಂದರು. ಅವಳು ಆರರವರೆಗೂ ಗುಣಿಸಿದಳು, ಪ್ರತಿ ಸಲವೂ ಅವೇ ಅಂಕಿಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದವು. “ಈಗ ಏಳರಿಂದ ಮಾಡು.” ಮಾಡಿದಳು. 999999 ಬಂತು. ಕರೆಂಟು ಬಂದದ್ದೂ ತಿಳಿಯದೆ ಅವಳು ಕಿರುಚಿದ ರಭಸಕ್ಕೆ ನಾನು ಸೌಟು ಹಿಡಿದುಕೊಂಡೇ ಓಡಿ ಬಂದಿದ್ದೆ.

ಅವಳಿಗೆ ಲೆಕ್ಕದ ಹುಚ್ಚು ಹಿಡಿಸಿದ್ದು ಅವರೇ. ಅದಕ್ಕೇ ಇಷ್ಟು ಸಂಕಟ.

ಆ ಮನುಷ್ಯನ ಹತ್ತಿರ ನಿಲ್ಲುವುದಕ್ಕೆ ಮಾತ್ರ ಗಟ್ಟಿ ಹೊಟ್ಟೆ ಬೇಕಿತ್ತು. ಪಾಠದ ಮಧ್ಯೆ ಯಾವುದಾದರೂ ಮಗುವಿನ ಪೆಟ್ಟಿಗೆಯಿಂದ ಕೈವಾರ ತೆಗೆದು, ಅದರ ಮೊನೆಯಿಂದ ಕಿವಿ ಕೆರೆದುಕೊಂಡು, ಮೊನೆಗೆ ಹತ್ತಿದ್ದನ್ನು ಪಂಚೆಗೆ ಒರೆಸಿ, ಅದನ್ನೇ ಆ ಮಗುವಿನ ಪುಸ್ತಕದಲ್ಲಿ ಊರಿ ಅಚ್ಚುಕಟ್ಟಾದ ವೃತ್ತ ಎಳೆಯುತ್ತಿದ್ದರು. ವೃತ್ತ ಚೆನ್ನಾಗಿರುತ್ತಿತ್ತು, ಅದರ ನಡುವಿನ ತೂತು ನೋಡಲಾಗುತ್ತಿರಲಿಲ್ಲ. ಮಗ್ಗಿ ಒಪ್ಪಿಸಿಕೊಳ್ಳುವಾಗ ಕಾಲ ಮೇಲೆ ಕಾಲು ಹಾಕಿ ಬೆರಳ ಸಂದಿಯ ಸಿಪ್ಪೆ ಕೀಳುವುದು, ಅದೇ ಕೈಯನ್ನು ಮಕ್ಕಳ ಚಕ್ಕುಲಿ ಡಬ್ಬಿಗೆ ಹಾಕುವುದು. ಯಾವ ಮಗುವನ್ನೂ ಹೆಸರು ಹಿಡಿದು ಕರೆದದ್ದಿಲ್ಲ. ನನ್ನ ಮಗಳು ‘ಮಹಡಿ’. ದೋಸೆ ಹೋಟೆಲಿನವರ ಹುಡುಗ ‘ಚಟ್ನಿ’. ತೊದಲುತ್ತಿದ್ದ ಒಂದು ಹುಡುಗಿಗೆ ಇಟ್ಟಿದ್ದ ಹೆಸರನ್ನು ನಾನು ಬರೆಯುವುದಿಲ್ಲ. ಬೆಂಚುಗಳಲ್ಲೂ ಭೇದವಿತ್ತು. ಮುಂದಿನದು ಅವಿಭಾಜ್ಯ ಬೆಂಚು, ಗಟ್ಟಿ ತಲೆಗಳಿಗೆ. ಹಿಂದಿನದು ಸಮಸಂಖ್ಯೆ ಬೆಂಚು, “ಎರಡೇಟು ಹಾಕಿದ್ರೆ ಎರಡು ಹೋಳಾಗೋ ಮುಂಡೇವು” ಎನ್ನುತ್ತಿದ್ದರು. ಅಪ್ಪ ಅಮ್ಮಂದಿರು ಬಂದರೆ ಮಾತ್ರ ಬಾಯಲ್ಲಿ ಬೆಲ್ಲ. ನಾನಿದನ್ನೆಲ್ಲ ಒಮ್ಮೆ ಅವರ ಮುಖದ ಮೇಲೇ ಹೇಳಿದ್ದೆ. “ರಿಸಲ್ಟ್ ನೋಡಮ್ಮ, ಕಿವಿ ನೋಡ್ಬೇಡ” ಅಂದು ನಕ್ಕಿದ್ದರು.

ಮಗಳು ಒಂಬತ್ತನೆಯ ತರಗತಿಗೆ ಬಂದ ವರ್ಷ ದಸರಾ ರಜೆಯಲ್ಲಿ ಅದು ನಡೆಯಿತು. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ನೆಲದ ಮೇಲೆ ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದಳು.

“ಅಮ್ಮ, ಗೇಟಿನ ನಂಬರನ್ನ ಯಾರಾದ್ರೂ ನಿಜವಾಗ್ಲೂ ಭಾಗಿಸಿ ನೋಡಿದಾರಾ?”

“ಮೇಷ್ಟ್ರು ನೋಡಿರ್ತಾರೆ ಬಿಡೇ.”

“ಎರಡು, ಮೂರು, ಐದು ಹೋಗಲ್ಲ, ನೋಡಿದ್ರೇ ಗೊತ್ತಾಗುತ್ತೆ. ಏಳರಿಂದ ಮಾಡ್ದೆ, ಎರಡು ಉಳೀತು. ಹನ್ನೊಂದರಲ್ಲಿ ಒಂದು ಉಳೀತು. ಹದಿಮೂರರಲ್ಲಿ ಆರು.” ಸ್ವಲ್ಪ ಹೊತ್ತು ಪೆನ್ಸಿಲ್ಲಿನ ಸದ್ದು. ಆಮೇಲೆ ಸದ್ದಿಲ್ಲ. “ಅಮ್ಮ, ಇಲ್ಲಿ ಬಾ.”

ಹದಿನೇಳರಿಂದ ಹೋಗಿತ್ತು. ಏನೂ ಉಳಿದಿರಲಿಲ್ಲ. ಭಾಗಲಬ್ಧ ಒಂದು ಕೋಟಿ ತೊಂಬತ್ತಾರು ಲಕ್ಷ ಏಳು ಸಾವಿರದ ಎಂಟುನೂರ ನಲವತ್ತಮೂರು. ನಾನು ಒಲೆ ಸಣ್ಣ ಮಾಡಿ, ಅದನ್ನು ಹದಿನೇಳರಿಂದ ತಿರುಗಿ ಗುಣಿಸಿದೆ. ಎಂಟು ಮೂರೂ ಒಂದು ಒಂದೂ ಸಾಲಾಗಿ ಬಂದು ಕುಳಿತವು. ಏಣಿಯ ಮೊದಲ ಏಳು ಮೆಟ್ಟಿಲು ಗಟ್ಟಿ. ಮೇಷ್ಟ್ರು ಕಲ್ಲಿನಲ್ಲಿ ಕೆತ್ತಿಸಿದ ಎಂಟನೆಯ ಮೆಟ್ಟಿಲೇ ಮುರಿದದ್ದು. ಆ ಶೆಡ್ಡಿನಲ್ಲಿ ಅಷ್ಟು ವರ್ಷಗಳಲ್ಲಿ ಓದಿದ ಮಕ್ಕಳಲ್ಲಿ ಒಬ್ಬರಾದರೂ ಹದಿನೇಳರವರೆಗೆ ಹೋಗಿರಲಿಲ್ಲ. ಮಗಳು ಲಗ್ನಪತ್ರಿಕೆ ಹಿಡಿದು ಹಾಲಿನ ತುಂಬಾ ಕುಣಿದಳು. “ಕಲ್ಲಿನ ಮೇಲೆ ನನ್ನ ಹೆಸರು! ಮಹಡಿ ಅಂತಲ್ಲ, ನನ್ನ ಹೆಸರು!”

ಅವತ್ತು ಸಂಜೆ ಅವಳು ಕೆಳಗಿಳಿದಳು. ನಾನು ಒಣಗಿದ ಬಟ್ಟೆ ಮಡಿಸುವ ನೆಪದಲ್ಲಿ ಮೆಟ್ಟಿಲ ತಿರುವಿನಲ್ಲಿ ನಿಂತೆ. ಅಲ್ಲಿಂದ ಶೆಡ್ಡಿನ ಹಲಗೆ ಕಾಣುತ್ತಿತ್ತು.

“ಸರ್, ಗೇಟಿನ ಸಂಖ್ಯೆ ಹದಿನೇಳರಿಂದ ಹೋಗುತ್ತೆ.”

ಮೇಷ್ಟ್ರು ನಕ್ಕರು. “ಹೌದೇನೇ ಮಹಡಿ? ಬಾ, ಮಾಡು.”

ಅವಳು ಹಲಗೆಯ ಮೇಲೆ ಭಾಗಿಸತೊಡಗಿದಳು. ಮೂವತ್ಮೂರರಲ್ಲಿ ಒಂದು ಸಲ, ಉಳಿದದ್ದು ಹದಿನಾರು. ಒಂಬತ್ತು ಸಲ, ಉಳಿದದ್ದು ಹತ್ತು. ಆರು ಸಲ, ಉಳಿದದ್ದು ಒಂದು. ಮುಂದಿನ ಮೂರನ್ನು ಇಳಿಸಿಕೊಂಡರೆ ಹದಿಮೂರು. ಹದಿಮೂರರಲ್ಲಿ ಹದಿನೇಳು ಹೋಗುವುದಿಲ್ಲ, ಅದಕ್ಕೆ ಮೇಲೆ ಸೊನ್ನೆ ಹಾಕಿ ಇನ್ನೊಂದು ಮೂರನ್ನು ಇಳಿಸಿದಳು.

“ನಿಲ್ಸು. ಆ ಸೊನ್ನೆ ಎಲ್ಲಿಂದ ಬಂತು?”

ಮಗಳು ತಿರುಗಿ ನೋಡಿದಳು. ನನಗೂ ಅರ್ಥವಾಗಲಿಲ್ಲ. ಹೋಗದಿದ್ದಾಗ ಸೊನ್ನೆ ಹಾಕಬೇಕು ಎಂದು ಕಲಿಸಿದ್ದೇ ಇವರು. ಮರೆತವರ ಮಂಡಿಗೆ ಸ್ಕೇಲಿನಿಂದ ಬಾರಿಸುತ್ತಿದ್ದವರೂ ಇವರೇ.

“ಹದಿಮೂರರಲ್ಲಿ ಹದಿನೇಳು ಹೋಗಲ್ವಲ್ಲ ಸರ್, ಅದಕ್ಕೆ.”

“ಹೋಗಲ್ಲ ಅಂದ್ಮೇಲೆ ಸುಮ್ನೆ ಇಳಿಸ್ಕೊಂಡು ಹೋಗು. ಇಲ್ಲದ ಸೊನ್ನೆ ತುರುಕಿ ಸಂಖ್ಯೆ ಹೊಂದಿಸ್ತಾ ಇದೀಯ.”

“ಸೊನ್ನೆ ಬಿಟ್ರೆ ಉತ್ತರ ತಪ್ಪಾಗುತ್ತೆ ಸರ್. ಆದ್ರೆ ಬಿಟ್ರೂ ಕೊನೇಲಿ ಏನೂ ಉಳಿಯಲ್ಲ. ಪೂರ್ತಿ ಮಾಡಿ ತೋರಿಸ್ಲಾ?”

ಚಟ್ನಿ ಎನ್ನುವ ಹುಡುಗ “ಮಾಡ್ಲಿ ಸಾರ್” ಅಂದ. ಮೇಷ್ಟ್ರು ಎದ್ದು ಹೋಗಿ ಅಂಗೈಯಿಂದ ಹಲಗೆಯನ್ನು ಒರೆಸಿಬಿಟ್ಟರು. ಡಸ್ಟರು ಪಕ್ಕದಲ್ಲೇ ಇತ್ತು. ಅಂಗೈಯ ಬೆವರಿಗೆ ಸುಣ್ಣ ಕದಡಿ ಹಲಗೆಯ ಮೇಲೆ ಬಿಳಿಯ ರಾಡಿಯಾಯಿತು. “ಭಾಗಾಕಾರ ಬರದವರು ಸವಾಲಿಗೆ ಬರಬಾರ್ದು. ಎಲ್ರೂ ಹೇಳ್ರೋ, ಮೂವತ್ತೊಂದು?” ಮಕ್ಕಳು ಏಣಿ ಹತ್ತಿದರು. ಮಗಳು ಸೀಮೆಸುಣ್ಣ ಹಿಡಿದು ಹಾಗೇ ನಿಂತಿದ್ದಳು.

“ನೀನೂ ಹೇಳು. ನಂದು ತಪ್ಪು, ಇದು ಅವಿಭಾಜ್ಯ ಅಂತ ಹೇಳು. ಹೇಳೋವರೆಗೂ ಕ್ಲಾಸಿಗೆ ಬರೋದು ಬೇಡ.”

ಆಮೇಲಿನ ದಿನಗಳಲ್ಲಿ ಸಂಜೆಯಾದರೆ ಅವಳು ಮಹಡಿಯ ಕಿಟಕಿ ಪಕ್ಕದಲ್ಲಿ ನೋಟು ಪುಸ್ತಕ ಬಿಚ್ಚಿ ಕೂರುತ್ತಿದ್ದಳು. ಕೆಳಗಿನ ಪಾಠ ಅಲ್ಲಿಗೆ ಅರ್ಧಂಬರ್ಧ ಕೇಳುತ್ತಿತ್ತು. ನಮ್ಮ ಯಜಮಾನರಿಗೆ ಮನೆಯ ಚಿಂತೆ, ಮುಂದಿನ ವರ್ಷದ ಹತ್ತನೆಯ ತರಗತಿಯ ಚಿಂತೆ. “ಹೇಳ್ಬಿಡು ಪುಟ್ಟ. ಒಂದು ಮಾತು. ಸಂಖ್ಯೆಗೇನು ಬೇಜಾರಾಗುತ್ತಾ?” ಅಂದರು. “ಅಪ್ಪ, ಅದು ಹೋಗುತ್ತೆ” ಅಂದಳು. “ಹೋಗುತ್ತೆ ಕಣೇ, ಯಾರು ಇಲ್ಲ ಅಂದ್ರು? ಬಾಯಲ್ಲಿ ಮಾತ್ರ ಇಲ್ಲ ಅನ್ನು.” ನಾನು ಹೇಳಬೇಡ ಅಂದೆ. ಬೇರೆ ಟ್ಯೂಷನ್ ಹುಡುಕೋಣ, ಬೇಕಾದರೆ ಬೇರೆ ಮನೆಯನ್ನೂ ಹುಡುಕೋಣ ಅಂದೆ. ಅದಕ್ಕೆ ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟೆವು. ಅವಳು ಇಬ್ಬರ ಮುಖವನ್ನೂ ನೋಡಿದಳು. ಹದಿನಾಲ್ಕು ವರ್ಷದ ಹುಡುಗಿ, ಮನೆಯಲ್ಲಿ ಜಗಳ ನಿಲ್ಲಲಿ ಎಂದುಕೊಂಡಿರಬೇಕು.

ಆಯುಧಪೂಜೆಯ ದಿನ, ಎಲ್ಲರ ಅಪ್ಪ ಅಮ್ಮಂದಿರ ಎದುರು, ನನಗೂ ಹೇಳದೆ ಅವಳು ಸಾಲಿನಿಂದ ಮುಂದೆ ಬಂದು ಹೇಳಿಬಿಟ್ಟಳು. “ನಂದು ತಪ್ಪು. ಇದು ಅವಿಭಾಜ್ಯ.” ಮೇಷ್ಟ್ರು ಅವಳ ಹಣೆಗೆ ತಾವೇ ಕುಂಕುಮ ಇಟ್ಟು, ಗಲ್ಲ ಹಿಂಡಿ, ಮೊದಲ ಲಾಡನ್ನು ಅವಳ ಬಾಯಿಗೆ ತುರುಕಿದರು. ಆ ಕೈ ಎಲ್ಲೆಲ್ಲಿ ಆಡುತ್ತಿತ್ತೆಂದು ನನಗೆ ಗೊತ್ತಿತ್ತಲ್ಲ. ಜನ ಚಪ್ಪಾಳೆ ತಟ್ಟಿದರು. ಅವಳು ಮೇಲೆ ಬಂದು ಬಚ್ಚಲಿಗೆ ಹೋಗಿ ಆ ಲಾಡನ್ನು ಉಗಿದಳು. ಹಣೆಯ ಕುಂಕುಮವನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದಳು.

ಅವತ್ತೇ ಮಧ್ಯಾಹ್ನ, ಬಂದವರೆಲ್ಲ ಹೋದ ಮೇಲೆ, ನಾನು ಕೆಳಗೆ ಹೋದೆ. ಮೇಷ್ಟ್ರು ಶೆಡ್ಡಿನಲ್ಲಿ ಒಬ್ಬರೇ ಕುರ್ಚಿಯಲ್ಲಿ ಕಾಲು ಮಡಿಸಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರು.

“ಸರ್, ನಾನೂ ಗುಣಿಸಿ ನೋಡಿದೀನಿ. ಅದು ಹದಿನೇಳರಿಂದ ಹೋಗುತ್ತೆ.”

“ಗೊತ್ತಮ್ಮ” ಅಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ.

“ಕಲ್ಲು ಹಾಕ್ಸಿದ ವರ್ಷಾನೇ ಗೊತ್ತಾಯ್ತು. ಏಳು ಸಲ ಸರಿ ಬಂದಿತ್ತಲ್ಲ, ಎಂಟನೇದೂ ಸರಿ ಇರುತ್ತೆ ಅಂತ ನಾನೂ ನೋಡಿರ್ಲಿಲ್ಲ. ಕೆತ್ತಿಸಿ ಆಗಿತ್ತು. ತೆಗೆಸಿದ್ರೆ ರಸ್ತೆಯವರೆಲ್ಲ ನಗಲ್ವಾ?”

“ಗೊತ್ತಿದ್ದೂ ಮಗು ಹತ್ರ ತಪ್ಪು ಅಂತ ಹೇಳಿಸಿದ್ರಾ?”

ಅವರು ಸಿಪ್ಪೆಯನ್ನು ಉಫ್ ಎಂದು ಊದಿದರು. ಅದು ಪೂಜೆ ಮಾಡಿದ್ದ ಹಲಗೆಯ ಕೆಳಗೆಲ್ಲ ಹರಡಿತು. “ಮತ್ತಿನ್ನೇನ್ ಮಾಡ್ಲಿ? ಅವಳದು ಸರಿ ಅಂದ್ರೆ ನಾಳೆಯಿಂದ ಎಲ್ಲಾ ಮಕ್ಕಳೂ ನಾನು ಹೇಳಿದ್ದನ್ನೆಲ್ಲ ಭಾಗಿಸೋಕೆ ಕೂತ್ಕೋತಾರೆ. ಪಾಠ ಯಾವಾಗ ಮುಗಿಸ್ಲಿ? ಹುಡುಗಿ ಚುರುಕು, ಬೆಳೀತಾಳೆ, ಮರೀತಾಳೆ. ಕಡಲೆಕಾಯಿ ತಗೋ.”

ನಾನು ಅವರ ಮುಖ ನೋಡಿದೆ. ನಾಚಿಕೆಯ ಗೆರೆಯೊಂದಾದರೂ ಇದ್ದಿದ್ದರೆ, ಮುದುಕ, ಮಾನಕ್ಕೆ ಹೆದರಿದ ಎಂದು ಬಿಟ್ಟುಬಿಡುತ್ತಿದ್ದೆನೇನೋ. ಇರಲಿಲ್ಲ. ಬಾಯಿಯ ಮೂಲೆಯಲ್ಲಿ ಕಡಲೆಕಾಯಿಯ ಕೆಂಪು ಹೊಟ್ಟು ಅಂಟಿತ್ತು, ಅದು ನಗುವಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. “ನೀವು ಪಾಠ ಹೇಳೋದಲ್ಲ ಸರ್, ಮಕ್ಕಳ ಬಾಯಿಗೆ ಉಗೀತಾ ಇದೀರ” ಅಂದು ಬಂದೆ.

ಮಗಳಿಗೆ ಹೇಳಿದೆ. ಮುಚ್ಚಿಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವಳು ತಲೆ ಬಾಚಿಕೊಳ್ಳುತ್ತಿದ್ದವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. “ಅವರಿಗೆ ಮೊದಲೇ ಗೊತ್ತಿತ್ತಾ? ನಾನು ಹಲಗೆ ಮೇಲೆ ಮಾಡ್ತಾ ಇದ್ದಾಗ್ಲೂ?” ಹೂಂ ಅಂದೆ. ಅವಳು ಬಾಚುವುದನ್ನು ಮುಂದುವರಿಸಿದಳು. ಮತ್ತೆ ಆ ಮಾತೆತ್ತಲಿಲ್ಲ.

ಆ ಬೇಸಿಗೆಗೆ ನಾವು ಮನೆ ಬಿಟ್ಟು ಕೆಂಗೇರಿ ಉಪನಗರಕ್ಕೆ ಬಂದೆವು. ಮಗಳು ಲೆಕ್ಕದಲ್ಲಿ ಮುಂದೆಯೂ ಒಳ್ಳೆಯ ಅಂಕವನ್ನೇ ತೆಗೆದಳು, ಯಾರೂ ಏನೂ ಕೆಟ್ಟಿತು ಎನ್ನಲಾರರು. ಆದರೆ ಲಗ್ನಪತ್ರಿಕೆಯ ಹಿಂದೆ ಗೀಚುವುದು ನಿಂತಿತು. ಪುಸ್ತಕದಲ್ಲಿದ್ದದ್ದನ್ನು ಬರೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಮುಚ್ಚಿಟ್ಟಳು. ಈಗ ರಾಜಾಜಿನಗರದ ಆಡಿಟರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಕೆಲಸ ಚೆನ್ನಾಗಿದೆ ಎನ್ನುತ್ತಾಳೆ. ನಾನು ಅವಳ ತಾಯಿ, ಅವಳೊಳಗೆ ಯಾವುದು ಆರಿದೆ ಎಂದು ನನಗೆ ಗೊತ್ತು.

ಮೇಷ್ಟ್ರು ತೀರಿಕೊಂಡರು, ಕಾರ್ಯಕ್ಕೆ ಬನ್ನಿ ಎಂದು ಅವರ ಮಗ ಫೋನು ಮಾಡಿದಾಗ ಅವಳನ್ನೂ ಕೇಳಿದೆ. “ನೀನು ಹೋಗ್ಬಾ ಅಮ್ಮ. ನಂಗೆ ರಜ ಇಲ್ಲ” ಅಂದಳು. ಹಾಕಲು ರಜ ಬೇಕಾದಷ್ಟಿತ್ತು. ಮೇಷ್ಟ್ರ ಹೆಂಡತಿಯ ಮುಖ ನೋಡಬೇಕೆಂದು ನಾನು ಹೋದೆ.

ರಸ್ತೆಗೆ ಅಡ್ಡ ಶಾಮಿಯಾನ ಹಾಕಿದ್ದರು. ಫೋಟೋಗೆ ದೊಡ್ಡ ಹಾರ. ಕಲ್ಲಿಗೂ ಅಷ್ಟೇ ದೊಡ್ಡ ಹಾರ. ಮಗ ಮೈಕು ಹಿಡಿದು, ನಮ್ಮಪ್ಪ ಹೋದರೂ ಅವರ ಸಂಖ್ಯೆ ಯಾರಿಗೂ ಬಗ್ಗದೆ ನಿಂತಿದೆ ಎಂದು ಕಣ್ಣೊರೆಸಿಕೊಂಡ. ಮೊನ್ನೆ ಮೊನ್ನೆಯವರೆಗೂ ಪಾಠಕ್ಕೆ ಬರುತ್ತಿದ್ದ ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಕಲ್ಲಿನ ಮುಂದೆ ನಿಂತು ಏಣಿ ಹೇಳಿದರು. ಅದೇ ರಾಗ, ಕೊನೆಗೆ ಅದೇ ಕೂಗು. ಹಳೆಯ ಶಿಷ್ಯನೊಬ್ಬ, ಮೇಷ್ಟ್ರು ನಮಗೆ ಪ್ರಶ್ನೆ ಕೇಳೋದು ಕಲಿಸಿದರು ಅಂದ.

“ನಮ್ಮ ಹಳೆಯ ಟೆನೆಂಟ್ ಆಂಟಿ ಬಂದಿದಾರೆ, ಎರಡು ಮಾತಾಡ್ತಾರೆ” ಎಂದು ಮಗ ಮೈಕನ್ನು ನನ್ನ ಕೈಗೇ ಕೊಟ್ಟ. ನಾನು ಮೈಕು ಹಿಡಿದವಳಲ್ಲ. ಗಟ್ಟಿಯಾಗಿ ಮಾತ್ರ ಹೇಳಿದೆ.

“ಈ ಕಲ್ಲಿನ ಮೇಲಿರೋದು ಅವಿಭಾಜ್ಯ ಅಲ್ಲ. ಹದಿನೇಳರಿಂದ ಭಾಗ ಹೋಗುತ್ತೆ, ಯಾರು ಬೇಕಾದ್ರೂ ಮಾಡಿ ನೋಡಬಹುದು. ನನ್ನ ಮಗಳು ಒಂಬತ್ತನೇ ಕ್ಲಾಸಲ್ಲಿ ಮಾಡಿ ತೋರಿಸಿದ್ಲು. ಮೇಷ್ಟ್ರು ಅವಳದು ತಪ್ಪು ಅಂತ ಇಲ್ಲೇ, ಇದೇ ಜಾಗದಲ್ಲಿ ಹೇಳಿಸಿದ್ರು. ಅವಳದು ಸರಿ ಅಂತ ಅವರಿಗೆ ಗೊತ್ತಿತ್ತು, ನನ್ನ ಹತ್ರ ಅವರೇ ಒಪ್ಕೊಂಡ್ರು. ಕಲ್ಲಿನ ಮೇಲೆ ಹೆಸರು ಕೆತ್ತಿಸ್ತೀನಿ ಅಂದಿದ್ರು. ಕೆತ್ತಿಸೋದೇನೂ ಬೇಡ. ಅವಳದು ತಪ್ಪಾಗಿರ್ಲಿಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಹೇಳ್ದೆ.” ಆಮೇಲೆ ಮಗಳ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ ಹೇಳಿದೆ.

ಯಾರಾದರೂ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗ “ಇವತ್ತು ಬೇಡವಾಗಿತ್ತು ಆಂಟಿ” ಎಂದು ಮೆತ್ತಗೆ ಮೈಕು ತೆಗೆದುಕೊಂಡ. ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ಹಳೆಯ ಶಿಷ್ಯರು. ಒಬ್ಬ ಫೋನು ತೆಗೆದು ಒತ್ತಿ ನೋಡಿದ. “ಹೌದು ಮಗಾ, ಹೋಗುತ್ತೆ ಕಣೋ!” ಇನ್ನೊಬ್ಬ ಆಗಲೇ ಎದ್ದಿದ್ದ. “ಹೋಗ್ಲಿ ಬಿಡು ಗುರು, ಎಲೆ ಹಾಕ್ತಾ ಇದಾರೆ, ಬಾ. ಎರಡನೇ ಪಂಕ್ತಿಗೆ ಒಬ್ಬಟ್ಟು ಉಳಿಯಲ್ಲ.” ಶಾಮಿಯಾನದ ತುಂಬಾ ಕುರ್ಚಿ ಎಳೆದ ಸದ್ದು. ಸುಳ್ಳು ಗೊತ್ತಾದ ಮೇಲೂ ಅವರ ಹಸಿವು ಒಂದು ಕೂದಲಷ್ಟೂ ಕದಲಲಿಲ್ಲ. ಏಣಿ ಹೇಳಿದ್ದ ಮಕ್ಕಳೂ ಅವರ ಹಿಂದೆಯೇ ಓಡಿದರು.

ನಾನು ಊಟಕ್ಕೆ ಕೂರಲಿಲ್ಲ. ಗೇಟಿನ ಹತ್ತಿರ ಮೇಷ್ಟ್ರ ಹೆಂಡತಿ ಕೈ ಹಿಡಿದುಕೊಂಡರು. ಬೋಳು ಹಣೆ, ಕೈ ತಣ್ಣಗಿತ್ತು. “ನಂಗೂ ಹೇಳಿದ್ರು ಕಣೇ, ಕಲ್ಲು ಸುಳ್ಳು ಅಂತ. ನಾನು ಕುಂಕುಮ ಇಡ್ತಿದ್ದಿದ್ದು ದೇವರಿಗೆ, ಲೆಕ್ಕಕ್ಕಲ್ಲ” ಅಂದರು. ಆಮೇಲೆ “ಮಗು ಬರ್ಲಿಲ್ವಾ?” ಎಂದು ಕೇಳಿದರು. ಇಲ್ಲ ಅಂದೆ. ಅವರ ಮೇಲೂ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಮೈಯೆಲ್ಲ ಜಿಡ್ಡು ಮೆತ್ತಿದ ಹಾಗಾಗಿ ಬೇಗ ಬೇಗ ನಡೆದೆ.

ಸಂಜೆ ಮಗಳು ಬಂದಳು. ಕೈಕಾಲು ತೊಳೆದು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು. ನಾನು ಹೇಳಿದ್ದನ್ನೆಲ್ಲ, ಜನ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

“ಮೈಕಲ್ಲಾ?”

“ಮೈಕಲ್ಲೇ.”

“ಇನಿಷಿಯಲ್ ಸಮೇತ?” ಅವಳು ಮುಖ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಕೈ ತೆಗೆದಾಗ ಎರಡೂ ಇರಲಿಲ್ಲ. “ಅಲ್ಲಿ ಯಾರಾದ್ರೂ ಭಾಗಿಸಿ ನೋಡಿದ್ರಾ ಅಮ್ಮ?”

“ಒಬ್ಬ ಫೋನಲ್ಲಿ ನೋಡ್ದ.”

“ಫೋನಲ್ಲಾ.” ಅವಳ ತುಟಿ ಓರೆಯಾಯಿತು. ಅವಳ ಮುಖದಲ್ಲಿ ಅಷ್ಟು ಅಸಹ್ಯವನ್ನು ನಾನು ಎಂದೂ ಕಂಡಿರಲಿಲ್ಲ. ಯಾಕೋ ನನಗೆ ಅದು ಹಿತವಾಯಿತು. “ಇಷ್ಟು ಜನ ಇದ್ರಲ್ಲ, ಕೈಲಿ ಒಬ್ಬರೂ ಮಾಡ್ಲಿಲ್ವಾ? ಎಂಟು ಸಾಲಿನ ಭಾಗಾಕಾರ. ಏಳನೇ ಕ್ಲಾಸಿನವರು ಮಾಡ್ತಾರೆ.”

“ಒಬ್ಬಟ್ಟಿತ್ತು” ಅಂದೆ.

ಯಜಮಾನರು ಹಾಲಿನಿಂದ, “ಇವತ್ತು ಊಟ ಇದ್ಯೋ ಇಲ್ವೋ?” ಎಂದು ಕೂಗಿದರು. ಅವಳು ತಟ್ಟೆಗಳನ್ನು ತೆಗೆದಳು.

ರಾತ್ರಿ ಅಕ್ಕಿರೊಟ್ಟಿ, ಅವರೆಕಾಳಿನ ಪಲ್ಯ, ಮಜ್ಜಿಗೆ. ನನಗೆ ಒಂದಕ್ಕಿಂತ ಹೆಚ್ಚು ಇಳಿಯಲಿಲ್ಲ. ಮಗಳು ಮೂರನೆಯ ರೊಟ್ಟಿಯನ್ನು ತಾನೇ ತಟ್ಟಿಕೊಂಡು, ಬಾಣಲೆಯಲ್ಲಿದ್ದ ಪಲ್ಯವನ್ನು ಬಳಿದುಕೊಂಡು ತಿಂದಳು. ಯಜಮಾನರು ವಾರ್ತೆ ನೋಡುತ್ತಾ ಕುಳಿತಿದ್ದರು, ನಾನು ಪರದೆಗಳನ್ನು ಹಿಂಡಿ ಬಾಲ್ಕನಿಯಲ್ಲಿ ಹರವುತ್ತಿದ್ದೆ. ಒಳಗೆ ಬಂದು ನೋಡಿದರೆ, ದಿನವೂ ತಡರಾತ್ರಿಯವರೆಗೆ ಎಚ್ಚರವಿರುವ ಮಗಳು ಇವತ್ತು ಬಾಗಿಲು ಹಾಕಿಕೊಳ್ಳದೆ, ದೀಪವನ್ನೂ ಆರಿಸದೆ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.